ಓರೆ ಬೆಳಕಿನ ವೆಂಕಟರವಣಪ್ಪ

ಮಂಚೇನಹಳ್ಳಿಯ ಒಂದು ಮನೆಯ ಪಡಸಾಲೆಯಲ್ಲಿ, ಚಿನ್ನದ ಬಣ್ಣದ ಕಟ್ಟಿನೊಳಗೆ, ಒಂದು ಮದುವೆಯ ಚಿತ್ರ ತೂಗುತ್ತಿದೆ. ಅಂತರಪಟ ಆಗತಾನೇ ಸರಿದಿದೆ. ವಧುವಿನ ಕೈಬಿಟ್ಟ ಜೀರಿಗೆ ಬೆಲ್ಲ ವರನ ತಲೆ ಮುಟ್ಟದೆ ಇನ್ನೂ ಗಾಳಿಯಲ್ಲಿದೆ. ಪುರೋಹಿತರ ಬಾಯಿ ಮಂತ್ರದ ನಡುವೆ ತೆರೆದಿದೆ. ಮತ್ತು ಇವರೆಲ್ಲರ ಮಧ್ಯದಲ್ಲಿ, ವಧೂವರರಿಗಿಂತ ಪ್ರಧಾನವಾಗಿ, ಬಟ್ಟೆಗಿಂತ ಜೇಬುಗಳೇ ಹೆಚ್ಚಿರುವ ಖಾಕಿ ತೋಳಿಲ್ಲದ ಕೋಟು ತೊಟ್ಟ ಒಬ್ಬ ಮನುಷ್ಯನ ಬಾಗಿದ ಹಿಂಭಾಗ ವಿರಾಜಮಾನವಾಗಿದೆ. ಬೆಳಕು ಅದರ ಮೇಲೆ ಓರೆಯಿಂದ ಬಿದ್ದು, ಒಂದು ಮಗ್ಗುಲು ಹೊಳೆದು, ಇನ್ನೊಂದು ಮಗ್ಗುಲು ಮೃದುವಾದ ನೆರಳಿಗೆ ಜಾರಿದೆ.

ಆ ಹಿಂಭಾಗ ಚಿಂತಾಮಣಿಯ ಸೌಜನ್ಯ ಸ್ಟುಡಿಯೋದ ವೆಂಕಟರವಣಪ್ಪನವರದು. "ಆ ಫೋಟೋದಲ್ಲಿ ಸರಿಯಾಗಿ ಲೈಟು ಬಿದ್ದಿರೋದು ಅದೊಂದರ ಮೇಲೇನೇ ಕಣಪ್ಪ" ಎಂದು ಅವರು ವೃತ್ತಿಧರ್ಮಕ್ಕೆ ಚ್ಯುತಿ ಬಾರದಂತೆ ಒಪ್ಪಿಕೊಳ್ಳುತ್ತಾರೆ. ಮೂವತ್ತು ವರ್ಷ ತಾಲ್ಲೂಕಿನ ಮುಖಗಳನ್ನೆಲ್ಲ ಬೆಳಕಿಗೆ ತಂದವರು ತಾವು ಬೆಳಕಿಗೆ ಬಂದದ್ದು ಹೀಗೆ, ಹಿಂದಿನಿಂದ.

ಮದುವೆ ನಡೆದದ್ದು ಶಿಡ್ಲಘಟ್ಟದ ಒಂದು ಛತ್ರದಲ್ಲಿ. ನಮ್ಮ ಕಡೆ ಹೆಣ್ಣಿನವರು ಒಬ್ಬ ಫೋಟೋದವರನ್ನೂ ಗಂಡಿನವರು ಇನ್ನೊಬ್ಬರನ್ನೂ ಕರೆಸುವುದು ರೂಢಿ. ಒಂದೇ ಮದುವೆಯನ್ನು ಬೀಗರು ತಮ್ಮ ತಮ್ಮ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳಲು ಇದು ಅನುಕೂಲ. ಹೆಣ್ಣಿನವರ ಕಡೆ ರವಣಪ್ಪನವರು. ಗಂಡಿನವರ ಕಡೆ ಮಂಚೇನಹಳ್ಳಿಯ ಮೋಹನ್‌ಬಾಬು ಎಂಬ ಹರೆಯದವನು. ಇಬ್ಬರ ಕ್ಯಾಮರಾದ ನೆತ್ತಿಯ ಮೇಲೂ ಬೆಂಕಿಪೊಟ್ಟಣದಂಥ ಒಂದು ಕರಿ ಡಬ್ಬಿ, ದೂರದಲ್ಲಿ ಸ್ಟ್ಯಾಂಡಿನ ಮೇಲೆ ನಿಂತ ದೀಪದ ಬುಡದಲ್ಲಿ ಅದರ ಜೋಡಿ ಡಬ್ಬಿ. ಇಲ್ಲಿ ಬೆರಳು ಒತ್ತಿದರೆ ತಂತಿಯ ಹಂಗಿಲ್ಲದೆ ಅಲ್ಲಿ ಫ್ಲಾಶು ಹೊಡೆಯುತ್ತದೆ. ಬಂದೂಕಿನಲ್ಲಿ ಬೆರಳಿಡುವ ಕೀಲಿಗೆ ಇರುವ ಹೆಸರೇ ಇದಕ್ಕೂ: ಟ್ರಿಗರ್. ಒಬ್ಬರ ಡಬ್ಬಿ ಇನ್ನೊಬ್ಬರ ದೀಪಕ್ಕೆ ಸನ್ನೆ ಮಾಡದಿರಲೆಂದು ಅದರಲ್ಲಿ ಬೇರೆ ಬೇರೆ ಚಾನೆಲ್ಲುಗಳಿರುತ್ತವೆ. ಬದಲಾಯಿಸಲು ಎಳ್ಳುಕಾಳಿನಷ್ಟು ಗುಂಡಿಗಳಿರುತ್ತವೆ. ಇಬ್ಬರೂ ಕೊಂಡದ್ದು ಒಂದೇ ಬಗೆಯ ಅಗ್ಗದ ಡಬ್ಬಿ, ಇಬ್ಬರದೂ ಕಾರ್ಖಾನೆಯಿಂದ ಬಂದ ಹಾಗೆ ಒಂದನೇ ಚಾನೆಲ್ಲಿನಲ್ಲೇ ಕುಳಿತಿತ್ತು.

ಹೀಗಾಗಿ ಮೋಹನ್‌ಬಾಬು ಒತ್ತಿದಾಗಲೆಲ್ಲ ರವಣಪ್ಪನವರ ದೀಪಗಳು ಹೊಡೆದವು. ತಾವು ಒತ್ತದೆ ಮಿಂಚುತ್ತಿರುವ ದೀಪವನ್ನು ಕಂಡು, ಇದಕ್ಕೇನು ದೆವ್ವ ಮೆಟ್ಟಿತೇ ಎಂದು, ಮುಹೂರ್ತದ ಹೊಸ್ತಿಲಲ್ಲಿ ಅವರು ಮಂಟಪದ ಬಾಳೆಕಂದಿನ ಬಳಿ ಹೋಗಿ ಬಾಗಿ ನೋಡಿದರು. ಅಷ್ಟರಲ್ಲಿ ಅಂತರಪಟ ಸರಿಯಿತು, ಮೋಹನ್‌ಬಾಬು ಒತ್ತಿದ, ಆಚೆ ಬದಿಯಲ್ಲಿದ್ದ ಅವರ ಇನ್ನೊಂದು ದೀಪ ಸ್ವಾಮಿಭಕ್ತಿಯಿಂದ ಸ್ವಾಮಿಯನ್ನೇ ಬೆಳಗಿತು.

ಊಟದ ಪಂಕ್ತಿಯಲ್ಲಿ ಮೋಹನ್‌ಬಾಬು ಸಮಾಧಾನಕ್ಕೆಂದು ಬಂದು ಪಕ್ಕದ ಎಲೆಗೆ ಕುಳಿತ.

"ಅಣ್ಣಾ, ದೆವ್ವಗಿವ್ವ ಏನಿಲ್ಲ. ಇಬ್ರೂ ಒಂದನೇ ಚಾನೆಲ್ಲಲ್ಲಿದೀವಿ, ಅಷ್ಟೇ. ಒಂದು ಪಿನ್ನು ತಗೊಂಡು ಆ ಗುಂಡಿ ಎರಡಕ್ಕೆ ತಳ್ಳಿಬಿಡಿ, ಆಯ್ತು."

"ನಾನ್ಯಾಕಪ್ಪ ಎರಡಕ್ಕೆ ಹೋಗ್ಲಿ? ನೀನು ಹೋಗು."

"ನಾನು ಮೊದ್ಲಿಂದ ಒಂದರಲ್ಲೇ ಇರೋನಣ್ಣ."

"ನೀನು ಹುಟ್ಟೋಕ್ ಮುಂಚೆಯಿಂದ ನಾನು ಒಂದರಲ್ಲಿದೀನಿ."

ಅವನು ಹುಟ್ಟುವ ಮುಂಚೆ ನಮ್ಮ ಊರುಗಳಿಗೆ ಇಂಥ ಡಬ್ಬಿ ಬಂದಿರಲೇ ಇಲ್ಲ ಎಂಬುದು ಬೇರೆ ಮಾತು. ವಿಷಯ ಆಗಲೇ ತರಂಗದಿಂದ ಅಂತರಂಗಕ್ಕೆ ಇಳಿದಿತ್ತು. ಪಿನ್ನಿನ ಮೊನೆಯಲ್ಲಿ ಮುಗಿಯಬಹುದಾದ ಜಗಳಕ್ಕೆ ಇಬ್ಬರೂ ಪಿನ್ನು ಹಿಡಿಯಲಿಲ್ಲ. ಅಂದಿನಿಂದ ಒಬ್ಬರು ಒಪ್ಪಿದ ಮದುವೆಗೆ ಇನ್ನೊಬ್ಬರು ಹೋಗುತ್ತಿರಲಿಲ್ಲ, ಮಾತೂ ನಿಂತಿತು.

ರವಣಪ್ಪನವರನ್ನು ನೀವು ಬಜಾರಿನಲ್ಲಿ ಕಂಡರೆ ಮೊದಲು ಗಮನಕ್ಕೆ ಬರುವುದು ಅವರ ನಡಿಗೆಯಲ್ಲ, ಹಿನ್ನಡಿಗೆ. ದಿಬ್ಬಣದ ಮುಂದೆ ಹಿಮ್ಮುಖವಾಗಿ ನಡೆದು ನಡೆದು ಅವರ ಕಾಲಿಗೆ ಅದೇ ಸಹಜವಾಗಿಬಿಟ್ಟಿದೆ. ಎದುರು ಸಿಕ್ಕವರನ್ನು ಮಾತಾಡಿಸುವ ಮೊದಲು ಎರಡು ಹೆಜ್ಜೆ ಹಿಂದಕ್ಕೆ ಸರಿದು, ತಲೆಯನ್ನು ತುಸು ವಾಲಿಸಿ, ಚೌಕಟ್ಟಿನೊಳಗೆ ಕೂರಿಸಿಕೊಂಡೇ ಕುಶಲ ಕೇಳುವುದು. ಹೀಗೆ ಸರಿದು ಅವರು ಹೂವಿನ ಬುಟ್ಟಿಗೆ ಒರಗಿದ್ದಾರೆ, ನಿಂತ ಆಟೋದೊಳಗೆ ಕುಳಿತಿದ್ದಾರೆ. ಸಾವಿನ ಮನೆಯಲ್ಲಿ ಅಳುತ್ತಿದ್ದ ಹೆಂಗಸಿಗೆ ಅಪ್ರಯತ್ನವಾಗಿ "ಗದ್ದ ಸ್ವಲ್ಪ ಕೆಳಗಮ್ಮ" ಎಂದದ್ದೂ ಉಂಟು. ಆಕೆ ಅಳು ನಿಲ್ಲಿಸಿ ಗದ್ದ ಇಳಿಸಿದ್ದೂ ಉಂಟು. ಆ ದನಿಯಲ್ಲಿ ಅಂಥ ಅಧಿಕಾರ.

ಅವರ ಹಟ ಒಂದೇ: ಬೆಳಕು ಎದುರಿನಿಂದ ಬೀಳಕೂಡದು. "ಎದುರಿಗೆ ಬಡಿದ್ರೆ ಅದು ಬೆಳಕಲ್ಲಪ್ಪ, ಕೆನ್ನೆಗೆ ಏಟು" ಎನ್ನುತ್ತಾರೆ. ತನ್ನ ದೀಪವನ್ನು ತನ್ನ ಹೆಗಲ ಹಿಂದೆಯೇ ನೇರಕ್ಕೆ ನಿಲ್ಲಿಸಿ ಹೊಡೆಯುವ ಮೋಹನ್‌ಬಾಬುವಿನ ಬಗ್ಗೆ ಅವರ ತೀರ್ಪು: "ಅವನು ಫೋಟೋ ತೆಗಿಯಲ್ಲ, ಸುಣ್ಣ ಬಳೀತಾನೆ."

ಈ ಹಟದ ಬೇರು ಕೆಂಚಾರ್ಲಹಳ್ಳಿಯಲ್ಲಿದೆ. ಅಲ್ಲಿ ಅವರ ತಾಯಿ ಗಂಗುಲಮ್ಮನವರು ರೇಷ್ಮೆಹುಳು ಸಾಕುತ್ತಿದ್ದರು. ಹುಳುವಿನ ಮನೆಗೆ ನೇರ ಬಿಸಿಲು ಸಲ್ಲದು. ಒಂದು ಬದಿಯ ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ಅದರ ನೇಯ್ಗೆಯಲ್ಲಿ ಸೋಸಿ ಬಂದಷ್ಟೇ ಬೆಳಕು. ಆ ಅರೆಗತ್ತಲಲ್ಲಿ, ಸೊಪ್ಪು ಮೇಯುವ ಹುಳುಗಳ ತುಂತುರುಮಳೆಯಂಥ ಸದ್ದಿನ ನಡುವೆ, ತಟ್ಟೆಯ ಮೇಲೆ ಬಾಗಿದ ತಾಯಿಯ ಮುಖದ ಒಂದು ಕೆನ್ನೆ ಮಾತ್ರ ಬೆಳಗುತ್ತಿತ್ತಂತೆ. ಆಕೆಯದೊಂದು ಫೋಟೋ ಇಲ್ಲ. ಇರುವುದೆಲ್ಲ ಮಗನ ಕಣ್ಣಿಗೆ ಕಟ್ಟಿದ ಆ ಒಂದು ಕೆನ್ನೆ.

ಅದಕ್ಕೇ ಅವರು ದೀಪದ ಮುಂದೆ ಪೇಟೆಯ ಬಿಳಿ ಕೊಡೆ ಹಿಡಿಯುವುದಿಲ್ಲ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ನಮ್ಮಲ್ಲಿ ಚಂದ್ರಿಕೆ ಎನ್ನುತ್ತಾರೆ. ಅಂಥ ಹಳೆಯದೊಂದಕ್ಕೆ ಬಿಳಿ ಪಂಚೆ ಬಿಗಿದು ಫ್ಲಾಶಿನ ಮುಂದೆ ನಿಲ್ಲಿಸುತ್ತಾರೆ. ಚಂದ್ರಿಕೆಯಿಂದ ಚಂದ್ರಿಕೆಯಂಥ ಬೆಳಕೇ ಬರುತ್ತದೆ. ಹೆಸರಿಟ್ಟವರು ಯಾರೋ ದೂರದೃಷ್ಟಿಯುಳ್ಳವರು. ಛತ್ರಗಳಲ್ಲಿ ಅದನ್ನು ಕಂಡವರು "ಏನ್ ರವಣಣ್ಣ, ಇಲ್ಲೂ ಹುಳ ಮೇಯಿಸ್ತಿದೀರಾ?" ಎಂದು ಕೆಣಕುತ್ತಾರೆ. "ಇಲ್ಲಿ ಮೇಯೋವೆಲ್ಲ ಊಟದ ಹಾಲ್‌ನಲ್ಲಿ ಕೂತವೆ" ಎಂದು ಅವರು ತಿರುಗಿ ಕುಟುಕುತ್ತಾರೆ.

ದೀಪ ಕ್ಯಾಮರಾವನ್ನು ಬಿಟ್ಟು ಬದಿಗೆ ಹೋದ ಮೇಲೆ ಎರಡಕ್ಕೂ ಸಂಬಂಧ ಕಲ್ಪಿಸಬೇಕಲ್ಲ. ಮೊದಮೊದಲು ಉದ್ದನೆಯ ತಂತಿ ಇತ್ತು; ಅದಕ್ಕೆ ಎಡವಿ ಒಬ್ಬ ಬೀಗಿತ್ತಿ ಬಿದ್ದು ಸಂಬಂಧವೇ ಕೆಡುವುದರಲ್ಲಿತ್ತು. ಆಮೇಲೆ ಬೆಳಕನ್ನು ಕಂಡರೆ ತಾನೂ ಹೊಡೆಯುವ ಎಲೆಕ್ಟ್ರಿಕ್ ಕಣ್ಣು ಬಂತು. ನಡುವೆ ಯಾರಾದರೂ ನಿಂತರೆ ಅದು ಕುರುಡು, ಮತ್ತು ಮದುವೆಯೆಂದರೆ ನಡುವೆ ನಿಲ್ಲುವವರದೇ ಸಂತೆ. ಕಡೆಗೆ ರೇಡಿಯೋ. ರೇಡಿಯೋ ಬಂದದ್ದೇ ಶಿಡ್ಲಘಟ್ಟದ ಮಾನಭಂಗ. ಅಲ್ಲಿಂದ ಮೂರು ವರ್ಷ ನಡೆದದ್ದು ಹೊಸ ಟ್ರಿಗರಿನ ಅನ್ವೇಷಣೆ. ಬೇಡಿದ್ದನ್ನೆಲ್ಲ ಕೊಡುವ ಚಿಂತಾಮಣಿಯ ಹೆಸರಿನ ಊರಲ್ಲಿದ್ದೂ ಅವರಿಗೆ ದಕ್ಕಿದ್ದು ಮೊದಲ ಎರಡಕ್ಷರ ಮಾತ್ರ.

ಬೆಂಗಳೂರಿನ ಅಂಗಡಿಯವರಿಂದ ನೋಡಿ ಕೊಡುತ್ತೇನೆಂದು ಒಂದೊಂದೇ ಜೋಡಿ ತರುವರು. ಅದರ ಕೈಪಿಡಿ ಹಿಡಿದು ನನ್ನ ಬಳಿ ಬರುವರು. ನಾನು ಸಿಸ್ಟರುಗಳ ಶಾಲೆಯಲ್ಲಿ ಓದಿದವನೆಂದು ಅವರು ನನಗಿಟ್ಟ ಹೆಸರು ಕಾನ್ವೆಂಟಪ್ಪ. ಆ ಕೈಪಿಡಿಗಳ ಇಂಗ್ಲಿಷು ಯಾವ ಸಿಸ್ಟರೂ ಕಲಿಸದಂಥದು. "ಯಂತ್ರವು ಗಾಢ ನಿದ್ರೆಗೆ ಸಂದರೆ ಅರ್ಧ ಒತ್ತಿ ಸಂತೈಸಿರಿ" ಎಂದು ನಾನು ಕನ್ನಡಿಸಿದರೆ ರವಣಪ್ಪನವರು ಗಂಭೀರವಾಗಿ ತಲೆಯಾಡಿಸಿ, "ನಿದ್ದೆ ಮಾಡೋದಾದ್ರೆ ಬೇಡಪ್ಪ, ಮುಹೂರ್ತಕ್ಕೆ ಏಳ್ಸಕ್ಕಾಗಲ್ಲ" ಎನ್ನುವರು. ಒಂದರ ಅಲೆ ಗೋಡೆ ದಾಟುತ್ತಿತ್ತು, ಆದರೆ ಬೇಗ ಬಿಸಿಯಾಗುತ್ತಿತ್ತು. ಇನ್ನೊಂದು ಹೊಸ ಕ್ಯಾಮರಾಗಳ ಜೊತೆಗಷ್ಟೇ ಮಾತಾಡುತ್ತಿತ್ತು, ಅವರ ಹಳೆಯದನ್ನು ಕಂಡರೆ ಮೂಗು ಮುರಿಯುತ್ತಿತ್ತು. ಮತ್ತೊಂದರಲ್ಲಿ ಪುಟ್ಟ ಪರದೆಯೂ ಹತ್ತಾರು ಚಾನೆಲ್ಲುಗಳೂ ಇದ್ದವು. "ಇಷ್ಟೊಂದು ದಾರಿ ಇರೋದು ಯಾವತ್ತೂ ಊರು ಸೇರಲ್ಲ" ಎಂದು ಅದನ್ನೂ ಹಿಂದಿರುಗಿಸಿದರು. ಪರೀಕ್ಷೆಗೆ ಮನೆಯ ನೆಂಟರನ್ನೇ ಸಾಲಾಗಿ ನಿಲ್ಲಿಸಿ ಆಚೆಯಿಂದ ಒತ್ತುವರು.

"ಗೋಡೆ ದಾಟೋದು ದೊಡ್ಡದಲ್ಲ ಕಾನ್ವೆಂಟಪ್ಪ. ಸೋದರಮಾವನ್ನ ದಾಟ್ಬೇಕು."

ಕ್ಯಾಮರಾದ ಮೇಲಿನ ಡಬ್ಬಿಗೆ ಅವರು ಗಂಡು ಎನ್ನುತ್ತಿದ್ದರು, ದೀಪದ ಬುಡದ್ದಕ್ಕೆ ಹೆಣ್ಣು. ಆರಿಸುವ ಕೆಲಸಕ್ಕೆ ಹೆಸರು ಸಂಬಂಧ ನೋಡುವುದು. ತೊಡಕಾದದ್ದು ಇಲ್ಲಿ, ಅದೇ ಹೊತ್ತಿಗೆ ಮನೆಯಲ್ಲಿ ಮಗಳು ಸೌಜನ್ಯಳಿಗೂ ಸಂಬಂಧ ನೋಡುತ್ತಿದ್ದರು. ಪತ್ರಿಕೆಗಳಲ್ಲಿ 'ಚಿತ್ರ ಸೌಜನ್ಯ' ಎಂದು ಅಚ್ಚಾಗುವುದನ್ನು ಕಂಡೇ ಮಗಳಿಗೂ ಸ್ಟುಡಿಯೋಗೂ ಆ ಹೆಸರಿಟ್ಟರೆಂದು ಊರಿನ ಅಂಬೋಣ. ಒಂದು ದಿನ ಅವರು ಫೋನಿನಲ್ಲಿ, "ಹೆಣ್ಣಿಂದೇನೂ ತೊಂದ್ರೆ ಇಲ್ಲ, ಗಂಡೇ ಸ್ವಲ್ಪ ನಿಧಾನ. ಐವತ್ತಡಿ ಆಚೆ ಹೋದ್ರೆ ಕೇಳ್ಸಲ್ಲ ಅದಕ್ಕೆ" ಎಂದದ್ದು ಹೆಂಡತಿ ಕವಿತಮ್ಮನ ಕಿವಿಗೆ ಬಿತ್ತು. ಹಿಂದಿನ ದಿನವಷ್ಟೇ ಬಂದು ಹೋಗಿದ್ದ ಮೇಷ್ಟರ ಮಗನ ಕಿವಿ ಮಂದವೆಂದು ತಿಳಿದು ಆಕೆ ಅವರ ಮನೆಗೆ ಬೇಡವೆಂದು ಹೇಳಿಕಳಿಸಿಬಿಟ್ಟರು. ನಿಜ ತಿಳಿದ ಮೇಲೆ ಮೂರು ದಿನ ಮನೆಯಲ್ಲಿ ಫ್ಲಾಶಿಲ್ಲದೆಯೇ ಮಿಂಚು.

"ಮಗಳಿಗೆ ಗಂಡು ನೋಡಿ ಅಂದ್ರೆ ಡಬ್ಬಕ್ಕೆ ಗಂಡು ನೋಡ್ತಾ ಕೂತವ್ರೆ," ಎಂದು ಕವಿತಮ್ಮ ನನ್ನೆದುರೇ ಅಂದರು. ಮಾತಾಡುವಾಗ ಆಕೆಯ ಬಳೆಗೆ ನೇತುಬಿದ್ದ ಪಿನ್ನುಗಳ ಗೊಂಚಲು ಸದ್ದು ಮಾಡುತ್ತದೆ. ಬೀದಿಯ ಹೆಂಗಸರಿಗೆಲ್ಲ ಸೀರೆಯ ನೆರಿಗೆ ಕೂರಿಸಿಕೊಡುವವರು ಆಕೆಯೇ. ಕೈಯಲ್ಲಿ ಪಿನ್ನಿಲ್ಲದ ಕವಿತಮ್ಮನನ್ನು ಯಾರೂ ಕಂಡಿಲ್ಲ.

"ಎರಡೂ ಒಂದೇ ಕಣೇ," ಎಂದರು ರವಣಪ್ಪ. "ಮಗಳ ಕೈ ಕೊಡೋ ಹೊತ್ತಲ್ಲಿ ಇದು ಕೈಕೊಡಬಾರ್ದು, ಅದಕ್ಕೇ ನೋಡ್ತಿರೋದು."

ಆಗ ನನಗೆ ತಿಳಿಯಿತು. ಆ ಅನ್ವೇಷಣೆಯೆಲ್ಲ ಒಂದು ಚಿತ್ರಕ್ಕಾಗಿ: ಧಾರೆಯ ಹೊತ್ತಿನಲ್ಲಿ, ತಲೆ ತಗ್ಗಿಸಿ ನಿಂತ ಸೌಜನ್ಯಳ ಮುಖದ ಮೇಲೆ ಬದಿಯಿಂದ ಬೀಳುವ ಬೆಳಕು. ಹುಳುವಿನ ಮನೆಯ ಆ ಕೆನ್ನೆ ಮೊಮ್ಮಗಳಿಗೆ ಬಂದಿತ್ತು. ಆ ಚಿತ್ರವನ್ನು ಅವರು ಮಗಳ ಪ್ರತಿ ಹುಟ್ಟುಹಬ್ಬದಲ್ಲೂ ಅಭ್ಯಾಸ ಮಾಡಿದ್ದರು.

ಸಂಬಂಧ ಕೂಡಿತು. ಹುಡುಗ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕ, ಕಿವಿ ಚುರುಕು. ಎಲ್ಲ ಒಪ್ಪಿಗೆಯಾಗಿ ಎಲೆಯಡಿಕೆ ಬದಲಾದ ಮೇಲೆ ಬೀಗರು ಹೇಳಿದರು: ನಮ್ಮ ಕಡೆಯ ಫೋಟೋ ಮೋಹನ್‌ಬಾಬುದು.

ರವಣಪ್ಪನವರು ಎರಡು ಹೆಜ್ಜೆ ಹಿಂದೆ ಸರಿದರು. ಬೀಗರು ಅದನ್ನು ಗೌರವವೆಂದು ತಿಳಿದರು.

ಕಷ್ಟ ಎರಡಾಯಿತು. ಧಾರೆ ಎರೆದುಕೊಡಬೇಕಾದ ತಂದೆ ಕ್ಯಾಮರಾದ ಹಿಂದೆ ನಿಲ್ಲುವಂತಿಲ್ಲ. ಎದುರಿಗೆ ನಿಲ್ಲುವವನು ಸುಣ್ಣ ಬಳಿಯುವವನು. ಬೇರೆಯವರನ್ನು ಕರೆಸೋಣವೆಂದರೆ ಯಾರ ಕೈಯೂ ಹಿಡಿಸಲಿಲ್ಲ. ಹೊಸ ಟ್ರಿಗರೂ ಕುದುರಲಿಲ್ಲ. ಊರೆಲ್ಲ ಹೆಣ್ಣು ನೋಡಿ ಕಡೆಗೆ ಸೋದರಮಾವನ ಮಗಳನ್ನೇ ತಂದುಕೊಂಡಂತೆ, ಮೂರು ವರ್ಷದ ಶೋಧನೆ ಆ ಹಳೆಯ ಅಗ್ಗದ ಡಬ್ಬಿಗಳಿಗೇ ಬಂದು ನಿಂತಿತು. ಅವರ ಉಪಾಯ ಇದು: ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ ಅದಕ್ಕೂ ಒಂದು ಹೆಣ್ಣುಡಬ್ಬಿ ಕಟ್ಟುವುದು, ಗಂಡುಡಬ್ಬಿಯನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು, ಧಾರೆಯ ಕ್ಷಣದಲ್ಲಿ ಹೆಬ್ಬೆರಳಿನಿಂದ ಒತ್ತುವುದು. ಕ್ಯಾಮರಾವೂ ದೀಪಗಳೂ ಒಟ್ಟಿಗೆ ಎದ್ದೇಳುತ್ತವೆ.

"ಒಂದು ಕೈಲಿ ಮಗಳು, ಒಂದು ಕೈಲಿ ಡಬ್ಬಿ," ಎಂದರು ಕವಿತಮ್ಮ. "ಯಾವ್ದನ್ನ ಧಾರೆ ಎರೀತಾರೋ ನೋಡಣ."

ಮದುವೆಯ ಬೆಳಿಗ್ಗೆ ನಾನು ಛತ್ರಕ್ಕೆ ಹೋದಾಗ ರವಣಪ್ಪನವರು ಕೋಟಿಲ್ಲದೆ, ರೇಷ್ಮೆ ಪಂಚೆ ಜುಬ್ಬಾದಲ್ಲಿ, ಯಾರದೋ ಮನೆಗೆ ಬಂದವರಂತೆ ನಿಂತಿದ್ದರು. ಜೇಬುಗಳಿಲ್ಲದೆ ಕೈಗಳಿಗೆ ಎಲ್ಲಿ ಹೋಗಬೇಕೆಂದು ತಿಳಿಯುತ್ತಿರಲಿಲ್ಲ. ಪದೇ ಪದೇ ಜಾರುತ್ತಿದ್ದ ಶಲ್ಯವನ್ನು ಕವಿತಮ್ಮ ಎರಡು ಪಿನ್ನು ಚುಚ್ಚಿ ಹೆಗಲಿಗೆ ಬಂಧಿಸಿದ್ದರು. ಬಾಳೆಕಂದುಗಳ ಮರೆಯಲ್ಲಿ ಚಂದ್ರಿಕೆಗಳು ಸಜ್ಜಾಗಿದ್ದವು.

ಮೋಹನ್‌ಬಾಬು ಬಂದು, ದೂರದಿಂದಲೇ ತಲೆಬಾಗಿ, ನಾಂದಿಯ ಒಂದು ಚಿತ್ರ ತೆಗೆದ. ಅವನ ದೀಪದೊಡನೆ ಬಾಳೆಯ ಮರೆಯ ದೀಪಗಳೂ ಮಿಂಚಿದವು. ಒಂದನೇ ಚಾನೆಲ್ಲು, ಇಬ್ಬರೂ, ಇನ್ನೂ. ಅವನು ಕ್ಯಾಮರಾದ ಬೆನ್ನಿನ ಪರದೆಯಲ್ಲಿ ಚಿತ್ರವನ್ನು ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ ಹೋಗಿ ತನ್ನ ದೀಪವನ್ನು ಆರಿಸಿದ. ರವಣಪ್ಪನವರು ಇದನ್ನೆಲ್ಲ ಕಂಡರು. ಶಲ್ಯ ಸರಿಮಾಡಿಕೊಂಡು, ಅಡಿಗೆಯವರನ್ನು ವಿಚಾರಿಸಲು ಹೋದರು.

ಮುಹೂರ್ತ ಬಂತು. ಪುರೋಹಿತರಾದ ಅನಂತರಾಮಯ್ಯನವರು ಧಾರೆಗೆ ಕೈ ಮುಂದೆ ಮಾಡಲು ಹೇಳಿದರು. ರವಣಪ್ಪನವರ ಎಡಗೈ ಬಂತು. ಬಲಗೈ ಮುಷ್ಟಿಯಾಗಿಯೇ ಬಂತು.

"ಕೈಯಲ್ಲೇನ್ರೀ ಅದು?"

"ಏನಿಲ್ಲ ಸ್ವಾಮಿ. ಒಂದು ಸಣ್ಣ ಸಾಮಾನು."

"ಇಲ್ಲಿ ಇಡಿ. ಕೊಡೋ ಕೈ ಖಾಲಿ ಇರ್ಬೇಕು."

ರವಣಪ್ಪನವರು ಹೆಂಡತಿಯನ್ನು ನೋಡಿದರು, ಮುಕ್ಕಾಲಿಯನ್ನು ನೋಡಿದರು, ಕೊನೆಗೆ ಮಗಳನ್ನು ನೋಡಿದರು. ಬಹುಶಃ ಮೊದಲ ಸಲ, ಹಿಂದೆ ಸರಿಯದೆ, ಅಷ್ಟು ಹತ್ತಿರದಿಂದ. ಸೌಜನ್ಯ ಮೆಲ್ಲಗೆ, "ಅಪ್ಪ, ಗದ್ದ ಸ್ವಲ್ಪ ಕೆಳಗೆ," ಎಂದಳು.

ಮುಷ್ಟಿ ಬಿಚ್ಚಿತು. ಕರಿ ಡಬ್ಬಿ ಅಕ್ಷತೆಯ ತಟ್ಟೆಯಲ್ಲಿ, ವೀಳ್ಯದೆಲೆಯ ಪಕ್ಕ, ಹೊಸ ದೇವರ ಹಾಗೆ ಕುಳಿತಿತು. ಖಾಲಿಯಾದ ಕೈ ಮಗಳ ಕೈಯನ್ನು ಎತ್ತಿ ಅಳಿಯನ ಕೈಯಲ್ಲಿಟ್ಟಿತು, ಕವಿತಮ್ಮ ಹಾಲು ಎರೆದರು, ಮತ್ತು ಆ ಕ್ಷಣ ಮಂಟಪದ ಬದಿಯಿಂದ ಬೆಳಕು ಬಂತು. ಸದ್ದಿಲ್ಲದೆ, ಗೋಣಿಯಲ್ಲಿ ಸೋಸಿ ಬಂದಂತೆ. ಒತ್ತಿದವನು ಮೋಹನ್‌ಬಾಬು.

ಆ ಚಿತ್ರವನ್ನು ನಾನು ನೋಡಿದ್ದೇನೆ. ಸೌಜನ್ಯಳ ಒಂದು ಕೆನ್ನೆ ಬೆಳಗಿದೆ. ಇನ್ನೊಂದು ನೆರಳಿನಲ್ಲಿದ್ದೂ ಕಾಣುತ್ತದೆ. ಹಾಲಿನ ಎಳೆ ಎಳೆಯೂ ರೇಷ್ಮೆಯಂತಿದೆ. ಅದೇ ಕ್ಷಣ, ಒಂದೇ ಚಾನೆಲ್ಲಿನ ಪುಣ್ಯದಿಂದ, ಮುಕ್ಕಾಲಿಯ ಮೇಲಿದ್ದ ರವಣಪ್ಪನವರ ಕ್ಯಾಮರಾವೂ ತನ್ನಷ್ಟಕ್ಕೆ ಒಂದು ಚಿತ್ರ ತೆಗೆದಿತ್ತು. ಅದರ ತುಂಬ, ಅಂಚಿನಿಂದ ಅಂಚಿಗೆ, ಅಡ್ಡ ನಿಂತ ಮೋಹನ್‌ಬಾಬುವಿನ ಬೆನ್ನು. ರವಣಪ್ಪನವರು ಅದನ್ನು ದೊಡ್ಡದಾಗಿ ಅಚ್ಚುಹಾಕಿಸಿ, ಕಟ್ಟು ಹಾಕಿಸಿ, ಮಂಚೇನಹಳ್ಳಿಗೆ ಕಳಿಸಿಕೊಟ್ಟರು. ಅಲ್ಲಿಂದ ಬಂದ ಉತ್ತರ: "ಅಣ್ಣಾ, ಲೆಕ್ಕ ಸರಿಹೋಯ್ತು. ಆದ್ರೆ ನಂದು ಅಷ್ಟು ಚೆನ್ನಾಗಿ ಬಂದಿಲ್ಲ."

ಬೆಳಕನ್ನು ಓರೆಯಿಂದ ಹಾಕುವವರದೇ ಒಂದು ಕುಲವಿದೆ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಎದುರು ನಿಂತು ಪ್ರೀತಿಯನ್ನೋ ಮೆಚ್ಚುಗೆಯನ್ನೋ ಕ್ಷಮೆಯನ್ನೋ ಆಡುವುದು ಇವರಿಗೆ ಕೆನ್ನೆಗೆ ಹೊಡೆದಷ್ಟು ಒರಟಾಗಿ ತೋರುತ್ತದೆ. ಕೊಡಬೇಕಾದದ್ದನ್ನು ಬಾಳೆಕಂದಿನ ಮರೆಯಲ್ಲಿಟ್ಟು, ಮುಂದೆ ಒಂದು ಪಂಚೆ ಬಿಗಿದು, ಗುಂಡಿ ಒತ್ತುವ ಯಶಸ್ಸನ್ನು ಇನ್ನೊಬ್ಬರಿಗೆ ಬಿಟ್ಟು, ತಾವು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಜಗತ್ತಿನ ಆಲ್ಬಮ್ಮುಗಳಲ್ಲಿ ಇವರ ಮುಖಗಳಿರುವುದಿಲ್ಲ; ಇದ್ದರೆ ಬೆನ್ನಿರುತ್ತದೆ. ಆದರೆ ನಮ್ಮ ಮುಖಗಳಲ್ಲಿ ಏನಾದರೂ ಆಳವೆಂಬುದು ಕಂಡಿದ್ದರೆ, ಅದು ಇವರು ಬಿಟ್ಟುಕೊಟ್ಟ ನೆರಳು.

ಈ ತತ್ತ್ವ ಹೊಳೆದ ಸಂತೋಷದಲ್ಲಿ ನಾನು ಒಂದು ಸಂಜೆ ಸ್ಟುಡಿಯೋಗೆ ಹೋದೆ. ಕವಿತಮ್ಮ ಕಾಫಿ ತಂದಿಟ್ಟರು. ಬಳೆಯ ಪಿನ್ನುಗಳು ಲೋಟಕ್ಕೆ ತಾಗಿ ಕಿಣಿಗುಟ್ಟಿದವು. ನಾನು ಕೇಳಿದೆ:

"ರವಣಣ್ಣ, ನಿಜ ಹೇಳಿ. ಆವತ್ತು ಬೆಳಿಗ್ಗೆ ಅವನ ಕ್ಯಾಮರಾಕ್ಕೆ ನಿಮ್ಮ ದೀಪ ಹೊಡೀತಿರೋದು ನೀವು ನೋಡಿದ್ರಿ. ಚಾನೆಲ್ ಬದಲಾಯಿಸೋಕೆ ಬೇಕಾದಷ್ಟು ಹೊತ್ತಿತ್ತು. ಯಾಕೆ ಬ್ಯಾಡ ಅನ್ನಿಸ್ತು?"

ರವಣಪ್ಪನವರು ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿ, ತಲೆ ವಾಲಿಸಿ, ನನ್ನನ್ನು ಚೌಕಟ್ಟಿನೊಳಗೆ ಕೂರಿಸಿಕೊಂಡರು.

"ಪಿನ್ನು ಸಿಗ್ಲಿಲ್ಲ ಕಣಪ್ಪ."